ಬಿಲ್ಲಿನಲ್ಲಿ ಇರುವುದು ಡಿಸ್ಚಾರ್ಜ್ ಪತ್ರದಲ್ಲಿ ಏಕಿಲ್ಲ?

ಇಂದ:
ಹೆರಿಗೆ ವಿಭಾಗದ ಒಬ್ಬ ಹಿಂದಿನ ಒಳರೋಗಿ
ಪೆರ್ಲ, ಕಾಸರಗೋಡು ಜಿಲ್ಲೆ

ಇವರಿಗೆ:
ವೈದ್ಯಕೀಯ ಅಧೀಕ್ಷಕರು
(ಆಸ್ಪತ್ರೆಯ ವಿಳಾಸ ಲಕೋಟೆಯ ಮೇಲಿದೆ)

ವಿಷಯ: ಹೆರಿಗೆಯ ವೇಳೆ ಆದ ಗಾಯ ಮತ್ತು ರಕ್ತಸ್ರಾವವನ್ನು ದಾಖಲೆಯಲ್ಲಿ ಬರೆಯದಿರುವುದು, ಹೆರಿಗೆ ಕೊಠಡಿಯಲ್ಲಿ ನಡೆಸಿಕೊಂಡ ರೀತಿ – ದೂರು

ಮಾನ್ಯರೇ,

ಮನೆಗೆ ಕಳುಹಿಸುವಾಗ ನಿಮ್ಮ ಆಸ್ಪತ್ರೆ ನನಗೆ ಎರಡು ಕಾಗದ ಕೊಟ್ಟಿತು. ಒಂದು ಡಿಸ್ಚಾರ್ಜ್ ಪತ್ರ, ಇನ್ನೊಂದು ಬಿಲ್. ಡಿಸ್ಚಾರ್ಜ್ ಪತ್ರದ ಪ್ರಕಾರ ನನ್ನದು ಸಾಮಾನ್ಯ ಹೆರಿಗೆ, ಹೊಲಿಗೆ ಹಾಕಲಾಗಿದೆ, ತಾಯಿ ಮಗು ಕ್ಷೇಮ. ಅಲ್ಲಿಗೆ ಮುಗಿಯಿತು. ಬಿಲ್ಲಿಗೆ ಮಾತ್ರ ಪುಟಗಳು ಸಾಲಲಿಲ್ಲ. ಅದರಲ್ಲಿ ಮಗುವಿನ ತಲೆಗೆ ಅಂಟಿಸಿ ಹೊರಗೆಳೆಯುವ ವ್ಯಾಕ್ಯೂಮ್ ಕಪ್ಪಿನ ದರ ಇದೆ, ಎರಡು ಯೂನಿಟ್ ರಕ್ತದ ದರ ಇದೆ, ಆ ರಕ್ತ ನನಗೆ ಹೊಂದುತ್ತದೆಯೇ ಎಂದು ನೋಡಿದ ಪರೀಕ್ಷೆಯ ದರ ಇದೆ, ರಕ್ತಸ್ರಾವ ನಿಲ್ಲಿಸುವ ಇಂಜೆಕ್ಷನ್‌ಗಳಿವೆ, ಹೊಲಿಗೆ ದಾರದ ಪ್ಯಾಕೆಟ್ಟುಗಳನ್ನು ಒಂದೂ ಬಿಡದೆ ಎಣಿಸಿ ಬರೆದಿದ್ದಾರೆ. ದುಡ್ಡು ಕಟ್ಟಿಸಿಕೊಳ್ಳುವಾಗ ನೆನಪಿದ್ದದ್ದು ವೈದ್ಯಕೀಯ ದಾಖಲೆ ಬರೆಯುವಾಗ ಮರೆತದ್ದು ಹೇಗೆ ಎಂದು ತಿಳಿಯುವುದಕ್ಕಾಗಿ ಈ ಪತ್ರ.

ಬಾಯಿಮಾತಿನಲ್ಲಿ ಕೇಳಿದ್ದಾಗಿದೆ. ನಿಮ್ಮ ಸಂಪರ್ಕ ವಿಭಾಗದವರು ನಮ್ಮನ್ನು ಕೂರಿಸಿ, ಚಹಾ ತರಿಸಿ, ಮುಂದಿನ ತಪಾಸಣೆಗೆ ರಿಯಾಯಿತಿ ಕೊಡಿಸುತ್ತೇವೆ ಎಂದರು. ಕಡತದ ಪ್ರತಿ ಕೇಳಿದಾಗ ಮಾತ್ರ ವಕೀಲರ ನೋಟಿಸ್ ತನ್ನಿ ಎಂದರು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡವಳಿಕೆ ನಿಯಮಗಳ ಪ್ರಕಾರ ರೋಗಿ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಕೇಳಲು ರೋಗಿಯೇ ಸಾಕು, ವಕೀಲರು ಬೇಕಾಗಿಲ್ಲ.

ನನ್ನ ತವರು ಪುತ್ತೂರಿನ ಕಡೆ. ಮೊದಲ ಹೆರಿಗೆ ಅಲ್ಲಿಯೇ ಆಗಬೇಕಿತ್ತು. ಅಮ್ಮನಿಗೆ ಸೌಖ್ಯವಿರಲಿಲ್ಲ, ಬಾಣಂತನ ನಾನೇ ಮಾಡುತ್ತೇನೆ ಎಂದು ಅತ್ತೆ ಹೇಳಿದರು, ಹಾಗಾಗಿ ನಿಮ್ಮಲ್ಲಿಗೆ ಬಂದೆವು. ಬಸ್ಸಿನಲ್ಲಿ, ಅಂಗಡಿಯಲ್ಲಿ ಸುಧಾರಿಸಿಕೊಳ್ಳುವಷ್ಟು ಮಲಯಾಳ ನನಗೆ ಬರುತ್ತದೆ. ಅಚ್ಚುಹಾಕಿದ ಒಪ್ಪಿಗೆ ಪತ್ರ ಓದುವಷ್ಟು ಬರುವುದಿಲ್ಲ. ದಾಖಲಾಗುವಾಗ ಅಂಥ ಕಾಗದಗಳ ಒಂದು ಕಟ್ಟಿಗೆ ನನ್ನ ಪತಿಯಿಂದ ಸಹಿ ಹಾಕಿಸಿಕೊಂಡರು. ನಾನು ಪಕ್ಕದಲ್ಲಿಯೇ, ಪೂರ್ತಿ ಎಚ್ಚರದಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತಿದ್ದೆ. ಯಾರೂ ನನ್ನ ಕಡೆ ಪೆನ್ನು ಚಾಚಲಿಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ರೋಗಿಯ ತಾಯಿ ಕೊಟ್ಟ ಒಪ್ಪಿಗೆಯನ್ನೇ ರೋಗಿಯ ಒಪ್ಪಿಗೆಯೆಂದು ಮಾನ್ಯ ಮಾಡಲಿಲ್ಲ. ಗಂಡನ ಸಹಿ ಅದಕ್ಕಿಂತ ಮೇಲೆಂದು ನಿಮಗೆ ಯಾರು ಹೇಳಿದರು? ತುರ್ತಿನಲ್ಲಿ ಸಹಿಗೆ ಕಾಯಲಾಗದು ಎಂಬುದನ್ನು ನಾನೂ ಬಲ್ಲೆ. ನಾನು ಬಂದದ್ದು ಬೆಳಿಗ್ಗೆ, ಮಗು ಹುಟ್ಟಿದ್ದು ರಾತ್ರಿ. ನಡುವೆ ಒಂದು ಮಾತು ಹೇಳಲು ಬೇಕಾದಷ್ಟು ಹೊತ್ತಿತ್ತು. ಹಣ ಕಟ್ಟುವ ಕೌಂಟರಿನಲ್ಲಿ, ಅಂದ ಹಾಗೆ, ಕನ್ನಡ ತುಳು ಎರಡನ್ನೂ ಸೊಗಸಾಗಿ ಆಡುತ್ತಾರೆ.

ನೋವು ಬರಲೆಂದು ಡ್ರಿಪ್ ಹಾಕಿದರು. ಅದರಲ್ಲಿ ಏನಿದೆ ಎಂದು ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ. ಒಳಪರೀಕ್ಷೆಗೆ ಬಂದವರು ಒಬ್ಬರಲ್ಲ, ಬಂದವರಾರೂ ತಾವು ಯಾರೆಂದು ಹೇಳಲಿಲ್ಲ, ಪರದೆ ಎಳೆಯುವಷ್ಟು ಪುರುಸೊತ್ತೂ ಕೆಲವರಿಗೆ ಇರಲಿಲ್ಲ. ಅತ್ತೆಯನ್ನು ಒಳಗೆ ಬಿಡಿ ಎಂದು ಬೇಡಿಕೊಂಡೆ, ನಿಯಮವಿಲ್ಲ ಎಂದರು. ಹೆರುವವಳು ಬಯಸಿದ ಒಬ್ಬರು ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಶಿಫಾರಸಿನಲ್ಲಿ ಹೇಳಿದೆ. ಸರಕಾರಿ ಆಸ್ಪತ್ರೆಗಳಲ್ಲಿ ಹೆಣ್ಣು ಸಂಗಾತಿಯನ್ನು ಒಳಗೆ ಬಿಡಲು ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಅದಕ್ಕೂ ಮೊದಲೇ ಹೇಳಿತ್ತು. ಸರಕಾರಿ ಆಸ್ಪತ್ರೆಯಲ್ಲಿ ಸಲ್ಲುವುದು ಇಷ್ಟು ದುಡ್ಡು ತೆತ್ತ ಕಡೆ ಸಲ್ಲುವುದಿಲ್ಲವೇ?

ರಾತ್ರಿಯ ಹೊತ್ತಿಗೆ ನಾನು ಕೂಗುತ್ತಿದ್ದೆ. ಆಗ ಒಬ್ಬ ಹಿರಿಯ ನರ್ಸ್ ತೊಡೆಗೆ ಹೊಡೆದು, ಒಂಬತ್ತು ತಿಂಗಳ ಹಿಂದೆ ಈ ಕೂಗು ಎಲ್ಲಿಗೆ ಹೋಗಿತ್ತು ಎಂದರು. ಇಡೀ ದಿನ ಆ ಕೋಣೆಯಲ್ಲಿ ಆಡಿದ ಮಲಯಾಳದಲ್ಲಿ ನನಗೆ ಪೂರ್ತಿ ಅರ್ಥವಾದದ್ದು ಅದೊಂದೇ. ಇನ್ನಿಬ್ಬರು ನಕ್ಕರು. ಆಮೇಲೆ ಒಬ್ಬರು ಸ್ಟೂಲಿನ ಮೇಲೆ ಹತ್ತಿ ನಿಂತು, ತೋಳನ್ನು ಅಡ್ಡ ಇಟ್ಟು, ಹೊಟ್ಟೆಯ ಮೇಲ್ಭಾಗವನ್ನು ಮೈಭಾರ ಹಾಕಿ ಕೆಳಕ್ಕೆ ಒತ್ತಿದರು. ಹೀಗೆ ಒತ್ತುವುದನ್ನು ಶಿಫಾರಸು ಮಾಡುವುದಿಲ್ಲ ಎಂದು ಅದೇ 2018ರ ಶಿಫಾರಸು ಸ್ಪಷ್ಟವಾಗಿ ಹೇಳುತ್ತದೆ. ಒತ್ತಿದವರ ವಾಚಿನ ಅಚ್ಚು ನನ್ನ ಪಕ್ಕೆಲುಬಿನ ಕೆಳಗೆ ನೀಲಿಗಟ್ಟಿ ಉಳಿದಿತ್ತು. ಮನೆಯಲ್ಲಿ ಎಣ್ಣೆ ಹಚ್ಚಿ ಮೀಯಿಸುವಾಗ ಅತ್ತೆ ಅದನ್ನು ಕಂಡು ಇದೇನು ಎಂದು ಕೇಳಿದರು. ವಾಚಿನ ಬೆಲ್ಟಿನ ಕೊಂಡಿ ಕೂಡ ಗುರುತು ಸಿಗುವಂತಿತ್ತು. ಪತಿ ಮೊಬೈಲಿನಲ್ಲಿ ತೆಗೆದ ಆ ಚಿತ್ರವನ್ನು ಲಗತ್ತಿಸಿದ್ದೇನೆ.

ಮಗು ಬರುವ ದಾರಿಯನ್ನು ಅಗಲ ಮಾಡಲು ಕತ್ತರಿಸುವುದಕ್ಕೆ ಮುಂಚೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಬಿಲ್ಲಿನಲ್ಲಿ ಇರುತ್ತಿತ್ತು. ನಿಮ್ಮ ಬಿಲ್ಲಿನ ಮೇಲೆ ನನಗೆ ಅಷ್ಟು ನಂಬಿಕೆ ಬಂದಿದೆ. ಮಗು ಹೊರಗೆ ಬಂದ ಮೇಲೆ ರಕ್ತ ನಿಲ್ಲಲಿಲ್ಲ. ಒಬ್ಬರು ಬಾಗಿಲಿಗೆ ಓಡಿ, ರಕ್ತ ಬೇಕು, ಜನ ಕರೆಸಿ ಎಂದು ನನ್ನ ಪತಿಗೆ ಹೇಳಿದರು. ಯಾಕೆಂದು ಹೇಳಲಿಲ್ಲ. ರಕ್ತ ಕೊಡಬಲ್ಲವರನ್ನು ಹುಡುಕುತ್ತ ಅವರು ಊರಿನವರಿಗೆಲ್ಲ ಕರೆ ಮಾಡುತ್ತಿದ್ದಾಗ, ಹೆಂಡತಿ ಬದುಕಿದ್ದಾಳೋ ಇಲ್ಲವೋ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ನನ್ನ ಜೀವ ಉಳಿಸಿದವರೂ ನಿಮ್ಮವರೇ. ಅದಕ್ಕೆ ನಾನು ಋಣಿ, ಅದನ್ನು ಬರೆಯಲು ನನಗೆ ಸಂಕೋಚವಿಲ್ಲ. ಉಳಿಸಿದ್ದನ್ನು ಡಿಸ್ಚಾರ್ಜ್ ಪತ್ರದಲ್ಲಿ ಬರೆಯಲು ನಿಮಗೇಕೆ ಸಂಕೋಚ?

ಇನ್ನು, ಇಷ್ಟು ದಿನ ಯಾರ ಮುಂದೆಯೂ ಬಾಯಿ ಬಿಡದ ಸಂಗತಿ. ಮನೆಗೆ ಬಂದ ಮೇಲೆ ನನಗೆ ವಾಯು ತಡೆಯಲಾಗುತ್ತಿರಲಿಲ್ಲ, ಕೆಲವೊಮ್ಮೆ ಮಲವೂ. ಬಾಣಂತಿಗೆ ಹಾಗೆಲ್ಲ ಇರುತ್ತದೆ, ಮದ್ದು ತಿಂದರೆ ಸರಿಹೋಗುತ್ತದೆ ಎಂದರು. ಸರಿಹೋಗಲಿಲ್ಲ. ನೆಂಟರು ಮಗು ನೋಡಲು ಬಂದರೆ ನಾನು ಒಳಕೋಣೆ ಬಿಟ್ಟು ಏಳುತ್ತಿರಲಿಲ್ಲ. ಕೊನೆಗೆ ಮಂಗಳೂರಿನಲ್ಲಿ ಬೇರೆ ವೈದ್ಯೆಗೆ ತೋರಿಸಿದಾಗ ತಿಳಿಯಿತು: ಆಗಿದ್ದದ್ದು ಮೂರನೇ ದರ್ಜೆಯ ಸೀಳು, ಅಂದರೆ ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯುವಿನವರೆಗೂ ಹರಿದಿತ್ತು. ಮೊದಲ ಹೆರಿಗೆಯ ಜೊತೆ ವ್ಯಾಕ್ಯೂಮ್ ಸೇರಿದರೆ ಇದರ ಸಾಧ್ಯತೆ ಹೆಚ್ಚು, ಯಾರ ತಪ್ಪೂ ಇಲ್ಲದೆಯೂ ಆಗಬಹುದು ಎಂದು ಅವರೇ ಹೇಳಿದರು. ಆದ್ದರಿಂದ ಸೀಳಾದದ್ದಕ್ಕೆ ನಾನು ಯಾರನ್ನೂ ದೂರುತ್ತಿಲ್ಲ. ಹೆರಿಗೆಯಾದ ಕೂಡಲೇ ಗುದದ್ವಾರವನ್ನೂ ಪರೀಕ್ಷಿಸಿದರೆ ಇದು ಪತ್ತೆಯಾಗುತ್ತದೆ. ಪತ್ತೆಯಾದರೆ ಶಸ್ತ್ರಚಿಕಿತ್ಸಾ ಕೊಠಡಿಗೆ ಒಯ್ದು, ಒಳ್ಳೆಯ ಬೆಳಕಿನಲ್ಲಿ, ಸರಿಯಾದ ಅರಿವಳಿಕೆ ಕೊಟ್ಟು ಸ್ನಾಯುವನ್ನು ಕೂಡಿಸಿ ಹೊಲಿಯಬೇಕು. ಸೋಂಕು ತಗಲದಂತೆ, ಮಲ ಗಟ್ಟಿಯಾಗದಂತೆ ಔಷಧ ಕೊಡಬೇಕು, ಆಮೇಲೆ ಸ್ನಾಯುವಿನ ವ್ಯಾಯಾಮ ಕಲಿಸಬೇಕು, ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. ನನ್ನ ಡಿಸ್ಚಾರ್ಜ್ ಪತ್ರದಲ್ಲಿ ಇದ್ದದ್ದು ಕಬ್ಬಿಣಾಂಶದ ಮಾತ್ರೆ ಮತ್ತು ನೋವಿನ ಮಾತ್ರೆ. ಮುಂದೆ ಇನ್ನೊಂದು ಮಗು ಬೇಕೆಂದರೆ ಹೆರಿಗೆ ಹೇಗಾಗಬೇಕು ಎಂಬುದನ್ನು ಈ ಸೀಳು, ಈ ರಕ್ತಸ್ರಾವ ಎರಡನ್ನೂ ನೋಡಿ ತೀರ್ಮಾನಿಸಬೇಕಂತೆ. ಹಳೆಯ ಕಾಗದ ತೋರಿಸಿ ಎಂದು ಅವರು ಕೈ ಚಾಚಿದಾಗ ನನ್ನ ಬಳಿ ಇದ್ದದ್ದು ನಿಮ್ಮ ಬಿಲ್.

ಮೈಯದ್ದು ಹೀಗಾದರೆ ಮನಸ್ಸಿನದ್ದು ಬೇರೆ. ಅಡುಗೆಮನೆಯಲ್ಲಿ ಸ್ಟೀಲಿನ ತಟ್ಟೆ ಬಿದ್ದರೆ ಈಗಲೂ ಮೈ ಬೆವರುತ್ತದೆ. ಕಾಸರಗೋಡು ಪೇಟೆಗೆ ಹೋಗುವಾಗ ನಿಮ್ಮ ಕಟ್ಟಡದ ಕಡೆ ಮುಖ ಹಾಕದೆ ಕೂರುತ್ತೇನೆ. ಕಷ್ಟದ ಹೆರಿಗೆಯ ನಂತರ ಹೀಗೆ ಆಗಬಹುದು, ಇದಕ್ಕೆ ಚಿಕಿತ್ಸೆ ಇದೆ ಎಂದು ಮಂಗಳೂರಿನ ವೈದ್ಯೆ ಹೇಳಿ ಆಪ್ತಸಲಹೆಗೆ ಕಳುಹಿಸಿದ್ದಾರೆ. ಮಗು ಗಟ್ಟಿಯಿದೆಯಲ್ಲ, ಮತ್ತೇನು ಎಂದು ನಿಮ್ಮ ವಾರ್ಡಿನಲ್ಲಿ ಕೇಳಿದರು. ಬಂದ ನೆಂಟರೂ ಅದನ್ನೇ ಕೇಳಿದರು. ನೆಂಟರಾದರೋ ವೈದ್ಯಕೀಯ ಓದಿದವರಲ್ಲ.

ನಿಮ್ಮ ಹೊರರೋಗಿ ವಿಭಾಗದ ಗೋಡೆಯಲ್ಲಿ ತಾಯಂದಿರ ಸಾವನ್ನು ತಗ್ಗಿಸಿದ ಕೇರಳದ ಹೆಮ್ಮೆಯ ಫಲಕವಿದೆ. ಹೆಮ್ಮೆ ಸುಳ್ಳಲ್ಲ. 2018–20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ದೇಶದಲ್ಲಿ 97 ತಾಯಂದಿರು ಸತ್ತರೆ ಕೇರಳದಲ್ಲಿ 19. ನಾನು ಬದುಕಿದವರ ಪಟ್ಟಿಯಲ್ಲಿ ಇದ್ದೇನೆ. ಆ ಪಟ್ಟಿಯವರು ಹೇಗಿದ್ದಾರೆಂದು ಕೇಳುವ ಕಾಲಂ ಅದರಲ್ಲಿ ಇಲ್ಲ.

ನನಗೆ ಬೇಕಾದದ್ದನ್ನು ಹೇಳುತ್ತೇನೆ. ನನ್ನ ಪೂರ್ತಿ ಕಡತದ ಪ್ರತಿ ಬೇಕು: ಹೆರಿಗೆಯ ಪ್ರಗತಿ ದಾಖಲಿಸುವ ಪಾರ್ಟೋಗ್ರಾಫ್, ಔಷಧಗಳ ಚಾರ್ಟ್, ರಕ್ತ ಕೊಟ್ಟ ದಾಖಲೆ, ಪತಿ ಸಹಿ ಹಾಕಿದ ಒಪ್ಪಿಗೆ ಪತ್ರಗಳು ಎಲ್ಲವೂ ಸೇರಿ. ಪಾರ್ಟೋಗ್ರಾಫ್ ತುಂಬಿಸಿಯೇ ಇಲ್ಲವಾದರೆ ಇಲ್ಲವೆಂದೇ ಬರೆದುಕೊಡಿ, ಈಗ ಕುಳಿತು ತುಂಬಿಸಬೇಡಿ. ವ್ಯಾಕ್ಯೂಮ್, ಸೀಳು, ರಕ್ತಸ್ರಾವ ಮೂರನ್ನೂ ನಮೂದಿಸಿದ ತಿದ್ದಿದ ಡಿಸ್ಚಾರ್ಜ್ ಪತ್ರ, ಹೆರಿಗೆ ಮಾಡಿಸಿದ ವೈದ್ಯರ ಸಹಿಯೊಂದಿಗೆ ಬೇಕು. ಹೊಟ್ಟೆ ಒತ್ತಿದವರು ಯಾರು, ಯಾರ ಸೂಚನೆಯ ಮೇಲೆ ಒತ್ತಿದರು ಎಂಬುದಕ್ಕೆ ಲಿಖಿತ ಉತ್ತರ ಬೇಕು. ಹೊಡೆದವರ ಮೇಲೆ ಏನು ಕ್ರಮ ಕೈಗೊಂಡಿರಿ ಎಂಬುದೂ. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿಯೂ ಅಚ್ಚುಹಾಕಿಸಿ. ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಮಾಹಿತಿ ಕೊಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ರೋಗಿಗಳ ಹಕ್ಕುಗಳ ಸನ್ನದು ಹೇಳುತ್ತದೆ, ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ನಿಮ್ಮ ರೋಗಿಗಳಲ್ಲಿ ಕನ್ನಡದವರು ಎಷ್ಟಿದ್ದಾರೆಂದು ನಿಮಗೇ ಗೊತ್ತು. ಬಿಲ್ಲಿನ ಹಣ ನಾನು ವಾಪಸು ಕೇಳಿಲ್ಲ, ರಿಯಾಯಿತಿಯೂ ಬೇಡ.

ಆ ರಾತ್ರಿ ನೆಲ ಒರೆಸಲು ಬಂದ ಹೆಂಗಸೊಬ್ಬರು ಕೆಲಸ ನಿಲ್ಲಿಸಿ, ಹೊಲಿಗೆ ಮುಗಿಯುವವರೆಗೆ ನನ್ನ ಕೈ ಹಿಡಿದುಕೊಂಡು ತುಳುವಿನಲ್ಲಿ ಮಾತಾಡಿಸುತ್ತ ನಿಂತಿದ್ದರು. ಅದಕ್ಕೂ ಅವರಿಗೆ ಬೈಗುಳ ಬಿತ್ತು. ವಿಚಾರಣೆಯ ನೆಪದಲ್ಲಿ ಅವರ ಕೆಲಸಕ್ಕೆ ಕುತ್ತು ತರಬೇಡಿ.

ದಾಖಲೆಗಳಿಗೆ 72 ಗಂಟೆ, ಉಳಿದ ಉತ್ತರಕ್ಕೆ ಒಂದು ತಿಂಗಳು ಕಾಯುತ್ತೇನೆ. ಆಮೇಲೆ ಇದೇ ಪತ್ರ ಜಿಲ್ಲಾ ವೈದ್ಯಾಧಿಕಾರಿಗಳಿಗೂ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತದೆ. ದುಡ್ಡು ಪಡೆದು ಕೊಡುವ ಚಿಕಿತ್ಸೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು 1995ರಲ್ಲಿಯೇ ತೀರ್ಪಾಗಿದೆ. ಉತ್ತರವನ್ನು ನನ್ನ ಹೆಸರಿಗೆ, ಅಂಚೆಯಲ್ಲಿ ಕಳುಹಿಸಿ. ನನ್ನ ಪತಿಯ ಮೊಬೈಲಿಗೆ ಕರೆ ಮಾಡಿ, ಹೆಂಡತಿಗೆ ಸ್ವಲ್ಪ ತಿಳಿಹೇಳಿ ಎನ್ನುವುದು ಇನ್ನು ಬೇಡ.

ಇತಿ,
ದೂರುದಾರಳು

ಲಗತ್ತು: ಡಿಸ್ಚಾರ್ಜ್ ಪತ್ರ, ಬಿಲ್ಲಿನ ಎಲ್ಲ ಪುಟಗಳು (ದಿನಾಂಕ ಮತ್ತು ಒಳರೋಗಿ ಸಂಖ್ಯೆ ಅದರಲ್ಲಿದೆ), ಮಂಗಳೂರಿನ ತಪಾಸಣಾ ವರದಿ, ಪಕ್ಕೆಯ ಗುರುತಿನ ಚಿತ್ರ