ಜೆರಾಕ್ಸ್ ಕಟ್ಟಿನಿಂದ ಪರಿಶೀಲನೆ ಆಗದು

ಮಾನ್ಯ ಸಂಪಾದಕರೇ,

ಕಾಫಿ ಕೊಯ್ಲು ಶುರುವಾಯಿತೆಂದರೆ ಸಕಲೇಶಪುರ, ಮೂಡಿಗೆರೆ ಕಡೆ ‘ತೋಟಗಳಲ್ಲಿ ಬಾಂಗ್ಲಾದವರು ತುಂಬಿದ್ದಾರೆ’ ಎಂಬ ಕೂಗು ಏಳುತ್ತದೆ. ಠಾಣೆಯವರು ಕಾರ್ಮಿಕರ ದಾಖಲೆ ಕೇಳುತ್ತಾರೆ, ತೋಟದ ಲೆಕ್ಕ ಬರೆಯುವ ರೈಟರ್ ಆಧಾರ್ ಜೆರಾಕ್ಸ್ ಕಟ್ಟು ಕೊಟ್ಟು ಬರುತ್ತಾರೆ. ಅಲ್ಲಿಗೆ ಕೆಲಸ ಮುಗಿಯಿತು.

ಆಧಾರ್ ಪೌರತ್ವಕ್ಕೆ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯೇ ಹೇಳುತ್ತದೆ. ಆದರೆ ನೋಡುವ ಹಾಗೆ ನೋಡಿದರೆ, ಕಾರ್ಡನ್ನು ಯಾರಾದರೂ ತಿದ್ದಿದ್ದಾರೆಯೇ ಎಂಬುದನ್ನು ಹಿಡಿಯಬಹುದು. ಜೆರಾಕ್ಸಿನಲ್ಲಿ ಮಸಿ ಹರಡಿ ಕ್ಯೂಆರ್ ಕೋಡ್ ಕೆಟ್ಟಿರುತ್ತದೆ. ಮೂಲ ಕಾರ್ಡು ತರಿಸಿ ಆಧಾರ್ ಆ್ಯಪ್‌ನಲ್ಲೇ ಸ್ಕ್ಯಾನ್ ಮಾಡಬೇಕು. ಇದಕ್ಕೆ ಒಟಿಪಿ ಬೇಕಿಲ್ಲ. ಸಿಮ್ ಬದಲಿಸುತ್ತಲೇ ಇರುವ ಕಾರ್ಮಿಕರ ವಿಷಯದಲ್ಲಿ ಅದೇ ದೊಡ್ಡ ಅನುಕೂಲ. ಪರದೆಯ ಮೇಲಿನ ಫೋಟೊ, ಹೆಸರು ಕಾರ್ಡಿನೊಂದಿಗೆ ತಾಳೆಯಾಗದಿದ್ದರೆ ಯಾರೋ ಕೈಯಾಡಿಸಿದ್ದಾರೆ. ಆಧಾರ್ ವೆಬ್‌ಸೈಟಿನಲ್ಲಿ ಬರೀ ನಂಬರ್ ಹಾಕಿದರೆ ವಯಸ್ಸಿನ ಅಂದಾಜು, ಲಿಂಗ, ರಾಜ್ಯ, ಮೊಬೈಲಿನ ಕೊನೆಯ 3 ಅಂಕಿ ಬರುತ್ತವೆ, ಅಷ್ಟೇ. ಬೇರೆಯವನ ನಂಬರಿಗೆ ತನ್ನ ಫೋಟೊ ಅಂಟಿಸಿಕೊಂಡವನು ಅಲ್ಲಿ ಸಲೀಸಾಗಿ ಪಾಸಾಗುತ್ತಾನೆ. ಆಮೇಲೆ ಮತದಾರರ ಗುರುತಿನ ಚೀಟಿಯ ನಂಬರನ್ನು ಚುನಾವಣಾ ಆಯೋಗದ ಜಾಲತಾಣದಲ್ಲಿ ಹಾಕಿ, ತಂದೆ ಅಥವಾ ಗಂಡನ ಹೆಸರು ಹೊಂದುತ್ತದೆಯೇ ನೋಡಬೇಕು. ಒಂದೆರಡು ಅಕ್ಷರ ಆಚೀಚೆಯಾದರೆ ಗಾಬರಿ ಬೇಡ, ನಮ್ಮ ಪಹಣಿಗಳಲ್ಲಿ ಆಗದ್ದೇನಲ್ಲ.

ಬಂಗಾಳಿ ಮಾತಾಡಿದ ಮಾತ್ರಕ್ಕೆ ವಿದೇಶಿಯೆನ್ನುವುದು ತಪ್ಪು. ಅಸ್ಸಾಮಿನ ಬರಾಕ್ ಕಣಿವೆಯ ಮಾತೇ ಬಂಗಾಳಿ. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಬಂದ ಎನ್‌ಆರ್‌ಸಿ (ರಾಷ್ಟ್ರೀಯ ಪೌರತ್ವ ನೋಂದಣಿ) ಪಟ್ಟಿಯಿಂದ 19,06,657 ಮಂದಿ ಹೊರಗುಳಿದರು ನಿಜ. ಆದರೆ ಅವರಿಗೆ ವಿದೇಶಿಯರ ನ್ಯಾಯಮಂಡಳಿಗೆ ಮೇಲ್ಮನವಿ ಹೋಗುವ ಅವಕಾಶವಿದೆ, ತೀರ್ಪು ಕೊಡಬೇಕಾದ್ದು ಅದೇ. ಇತ್ತ ಹಾಸನದ ಹೋಟೆಲುಗಳಲ್ಲಿ ದುಡಿಯುವ ನೇಪಾಳಿಗಳು ನಿಜವಾಗಿಯೂ ವಿದೇಶಿಯರು. 1950ರ ಭಾರತ–ನೇಪಾಳ ಒಪ್ಪಂದದಿಂದಾಗಿ ಅವರಿಗೆ ವೀಸಾ ಬೇಡ, ಅವರನ್ನು ಯಾರೂ ತಡೆದು ಕೇಳುವುದೂ ಇಲ್ಲ!

ಬೆಳೆಗಾರರಾದ ನಮ್ಮ ಪಾಲೂ ಇದರಲ್ಲಿದೆ. ಏಜೆಂಟ್ ಕರೆತಂದ ಗ್ಯಾಂಗನ್ನು ಹೆಸರೂ ಬರೆದುಕೊಳ್ಳದೆ ಲೈನಿಗೆ (ತೋಟದ ಕಾರ್ಮಿಕರ ಸಾಲುಮನೆಗೆ) ಸೇರಿಸಿ, ಸಂಬಳವನ್ನೂ ಅವನ ಕೈಗೇ ಕೊಡುತ್ತೇವೆ. ಊರು, ಅಂಚೆ, ಅಲ್ಲಿನ ಠಾಣೆ, ಮನೆಯವರ ಫೋನ್ ನಂಬರ್ ಇಷ್ಟನ್ನು ರಿಜಿಸ್ಟರಿನಲ್ಲಿ ಬರೆದು, ಕೂಲಿಯನ್ನು ಅವರವರ ಬ್ಯಾಂಕ್ ಖಾತೆಗೇ ಹಾಕಿದರೆ ಅರ್ಧ ಅನುಮಾನ ತಾನೇ ಕಳೆಯುತ್ತದೆ.

ಅಕ್ಟೋಬರಿನಲ್ಲೇ ಪೊಲೀಸರೂ ಕಾರ್ಮಿಕ ಇಲಾಖೆಯವರೂ ಹೋಬಳಿಗೊಂದು ದಿನ ಕೂತು ಈ ಸ್ಕ್ಯಾನ್ ಮುಗಿಸಲಿ. ಲೈನ್ ಮನೆಗಳಿಗೆ ನುಗ್ಗಿ ಕಾರ್ಡು ಕೇಳುತ್ತ ವಿಡಿಯೊ ಮಾಡುವವರನ್ನು ತಡೆಯಲಿ. ವಿದೇಶಿಯರ ನೋಂದಣಾಧಿಕಾರಿ ಜಿಲ್ಲಾ ಎಸ್‌ಪಿ. ಅನುಮಾನವಿದ್ದವರು ಅವರಿಗೆ ದೂರು ಕೊಡಲಿ. ಹೆದರಿದ ಗ್ಯಾಂಗ್ ರಾತ್ರೋರಾತ್ರಿ ರೈಲು ಹತ್ತಿದರೆ ಹಣ್ಣು ಗಿಡದಲ್ಲೇ ಒಣಗಿ ನೆಲಕ್ಕುದುರುತ್ತದೆ, ಅದರೊಳಗೆ ಉಳಿದ ಕಾಯಿಕೊರಕ ಹುಳು ಮುಂದಿನ ಫಸಲಿಗೂ ಹತ್ತುತ್ತದೆ.

– ಕೆಲವು ಕಾಫಿ ಬೆಳೆಗಾರರು, ಸಕಲೇಶಪುರ ತಾಲ್ಲೂಕು