ಉಡುವವರಿಗೆ ಧೋತರ ಎಲ್ಲಿ ಸಿಗುತ್ತದೆ?

ಮಾನ್ಯ ಸಂಪಾದಕರೇ,

ಮದುವೆಯ ಹಂಗಾಮು ಬಂತೆಂದರೆ ಕೊಪ್ಪಳ, ಗಂಗಾವತಿ, ರಾಯಚೂರುಗಳ ಜವಳಿ ಅಂಗಡಿಗಳ ಮುಂದೆ ಗೊಂಬೆಗಳಿಗೆ ರೇಷ್ಮೆ ಪಂಚೆ, ಜರಿಯಂಚಿನ ಶಲ್ಯ, ಮೊದಲೇ ಸುತ್ತಿಟ್ಟ ಪೇಟ ತೊಡಿಸಿ ನಿಲ್ಲಿಸಿರುತ್ತಾರೆ. ನೋಡಿದವರಿಗೆ ನಮ್ಮ ಹಳೆಯ ಉಡುಪು ಮತ್ತೆ ಚಲಾವಣೆಗೆ ಬಂದಿದೆ ಎನಿಸಬಹುದು. ಆದರೆ ದಿನಾಲೂ ಕಚ್ಚೆ ಹಾಕಿ ಧೋತರ ಉಡುವ, ಎಂಬತ್ತು ದಾಟಿದ ಹಿರಿಯರೊಬ್ಬರು ಮನೆಯಲ್ಲಿದ್ದು, ಅವರ ನಿತ್ಯದ ಬಳಕೆಗೆ ಎರಡು ಜೋಡಿ ಬಟ್ಟೆ ತರಲು ಅದೇ ಅಂಗಡಿಗಳಿಗೆ ಹೋದವರು ಬಹುತೇಕ ಬರಿಗೈಯಲ್ಲಿ ಮರಳುತ್ತಾರೆ. ನಮ್ಮ ಮಾವನವರ ಬಟ್ಟೆಬರೆಯ ಹೊಣೆ ಕೆಲವು ವರ್ಷಗಳಿಂದ ನನ್ನ ಮೇಲಿರುವುದರಿಂದ ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ವ್ಯಾಪಾರಸ್ಥರ ಮತ್ತು ಕೈಮಗ್ಗ ಇಲಾಖೆಯವರ ಗಮನಕ್ಕೆ ತರಲು ಬಯಸುತ್ತೇನೆ.

ಮೊದಲನೆಯದು ಅಳತೆಯ ತೊಂದರೆ. ಕಚ್ಚೆ ಹಾಕಿ ಉಡಬೇಕಾದರೆ ಕನಿಷ್ಠ ಎಂಟು ಮೊಳದ, ಅಂದರೆ ಹೆಚ್ಚುಕಡಿಮೆ 3.6 ಮೀಟರ್ ಉದ್ದದ ಧೋತರ ಬೇಕು; ಮೈಕಟ್ಟು ದೊಡ್ಡದಿದ್ದರೆ ಒಂಬತ್ತು, ಹತ್ತು ಮೊಳವೂ ಬೇಕಾದೀತು. ಅಂಗಡಿಗಳಲ್ಲಿ ಹೇರಳವಾಗಿರುವುದು ಸುತ್ತಿಕೊಳ್ಳುವ ಎರಡು ಮೀಟರಿನ ಒಂಟಿ ಪಂಚೆ, ಇಲ್ಲವೇ ಸೊಂಟಕ್ಕೆ ಅಂಟುಪಟ್ಟಿ ಹಚ್ಚಿ ಕಿಸೆ ಹೊಲಿದ ಪಂಚೆ. ಎಂಟು ಮೊಳದ್ದೆಂದು ಕೊಡುವ ಧೋತರವೂ ಗಂಜಿ ಹೋಗಿ ಒಂದೆರಡು ಸಲ ಒಗೆದ ಮೇಲೆ ಕುಗ್ಗುತ್ತದೆ. ಆಗ ಮುಂದಿನ ನಿರಿಗೆಗೆ ಬಟ್ಟೆ ಸಾಲದೆ, ಹಿಂದೆ ಸಿಕ್ಕಿಸಿದ ಕಚ್ಚೆ ಕುಳಿತೆದ್ದಾಗಲೆಲ್ಲ ಸಡಿಲವಾಗುತ್ತದೆ. ನಾಲ್ಕು ಜನರ ನಡುವೆ ಕುಳಿತ ಹಿರಿಯರು ಮತ್ತೆ ಮತ್ತೆ ಬೆನ್ನ ಹಿಂದೆ ಕೈ ಹಾಕಿ ನೋಡಿಕೊಳ್ಳುವುದನ್ನು ಕಂಡರೆ ಸಂಕಟವಾಗುತ್ತದೆ.

ಉದ್ದ ಸಾಲದಿದ್ದರೆ ಒಂದು ಕಷ್ಟ, ಅಗಲ ಹೆಚ್ಚಾದರೆ ಇನ್ನೊಂದು. ಈಗ ಬರುವ ಧೋತರಗಳ ಪನ್ನ ಸಾಮಾನ್ಯವಾಗಿ 50 ಅಂಗುಲ. ನೆಟ್ಟಗೆ ನಿಲ್ಲುವ ಎತ್ತರದ ಆಳಿಗೆ ಅದು ಸರಿ. ವಯಸ್ಸಾಗಿ ಬೆನ್ನು ಬಾಗಿದವರಿಗೆ ಅದೇ ಧೋತರ ಪಾದದ ಕೆಳಗೆ ಬರುತ್ತದೆ, ತಾವೇ ತುಳಿದು ಮುಗ್ಗರಿಸುತ್ತಾರೆ. ಕೆಳಗೆ ಕತ್ತರಿಸಿ ಹೊಲಿಸೋಣವೆಂದರೆ ಒಂದು ಬದಿಯ ದಡಿಯೇ ಹೋಗುತ್ತದೆ, ದಡಿಯಿಲ್ಲದ ಧೋತರವನ್ನು ನಮ್ಮ ಕಡೆಯ ಹಿರಿಯರು ಮುಟ್ಟುವುದಿಲ್ಲ. ಮೇಲೆ ಮಡಚಿ ಉಟ್ಟರೆ ಸೊಂಟದಲ್ಲಿ ಗಂಟಾಗಿ ಒತ್ತುತ್ತದೆ. ನಾಲ್ಕೈದು ಅಂಗುಲ ಪನ್ನ ಕಡಿಮೆಯಿರುವ ಧೋತರ ಕೇಳಿದರೆ ಅಂಗಡಿಯ ಹುಡುಗರು ಮಕ್ಕಳ ಪಂಚೆ ತೋರಿಸುತ್ತಾರೆ.

ಬಟ್ಟೆಯ ಗುಣದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೊಳಪಿರುವುದೆಲ್ಲ ಪಾಲಿಯೆಸ್ಟರ್ ಬೆರೆತದ್ದು; ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೀಮೆಯಲ್ಲಿ ಅದನ್ನು ಉಟ್ಟರೆ ಬೆವರು ಹೀರದೆ ತೊಡೆಸಂದಿಯಲ್ಲಿ ಉರಿಯೇಳುತ್ತದೆ. ಪೂರ್ತಿ ಹತ್ತಿಯದೆಂದು ಮಾರುವ ಅಗ್ಗದ ಧೋತರ ಗಂಜಿ ಬಿಟ್ಟ ಮೇಲೆ ಸೊಳ್ಳೆಪರದೆಯಂತಾಗುತ್ತದೆ.

ಇದಕ್ಕೆಲ್ಲ ಕಾರಣ ಧೋತರ ಉಡುವವರು ಕಡಿಮೆಯಾದದ್ದು ಎಂದು ವ್ಯಾಪಾರಸ್ಥರು ಹೇಳುತ್ತಾರೆ. ಅದು ಅರ್ಧ ನಿಜ. ಧೋತರ ಇವತ್ತಿಗೂ ದಂಡಿಯಾಗಿ ಮಾರಾಟವಾಗುತ್ತಿದೆ, ಆದರೆ ಉಡುವುದಕ್ಕಲ್ಲ, ಆಯೇರಿ ಮಾಡುವುದಕ್ಕೆ. ಮದುವೆ, ಮನೆಯ ಪ್ರವೇಶ, ತೊಟ್ಟಿಲು ಎಲ್ಲಕ್ಕೂ ಧೋತರ-ಟವೆಲ್ಲಿನ ಜೋಡಿ ಕೊಡುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಕೊಡುವವರು ಬೆಲೆ ನೋಡುತ್ತಾರೆ, ತೆಗೆದುಕೊಂಡವರು ಮಡಿಕೆ ಬಿಚ್ಚದೆ ಮುಂದಿನ ಮದುವೆಗೆ ದಾಟಿಸುತ್ತಾರೆ. ಹೀಗೆ ಮನೆಯಿಂದ ಮನೆಗೆ ತಿರುಗುವ ಧೋತರದ ಉದ್ದ ಎಷ್ಟು, ಪನ್ನ ಎಷ್ಟು, ನೂಲು ಯಾವುದು ಎಂದು ಯಾರೂ ಕೇಳದೇ ಇರುವಾಗ, ತಯಾರಿಸುವವರಾದರೂ ಯಾಕೆ ಕಾಳಜಿ ಮಾಡಬೇಕು? ನಮ್ಮ ಮನೆಯ ಪೆಟ್ಟಿಗೆಯಲ್ಲಿಯೇ ಇಂಥ ಧೋತರಗಳ ಒಂದು ಗಂಟಿದೆ, ಅದರಲ್ಲಿ ಮಾವನವರಿಗೆ ಉಡಲು ಬರುವಂಥದ್ದು ಒಂದೂ ಇಲ್ಲ. ಆಯೇರಿ ಬೇಡವೆಂದು ನಾನು ಹೇಳುತ್ತಿಲ್ಲ. ಆ ಮನೆಯಲ್ಲಿ ಧೋತರ ಉಡುವ ಹಿರಿಯರಿದ್ದರೆ ಅವರಿಗಾದರೂ ಅಳತೆ ಕೇಳಿ ಒಂದು ಒಳ್ಳೆಯ ಧೋತರ ಕೊಡಬಾರದೇ ಎಂಬುದಷ್ಟೇ ನನ್ನ ಪ್ರಶ್ನೆ.

ಅಂಗಿಯ ಕಥೆ ಇನ್ನೂ ಕಷ್ಟದ್ದು. ನಮ್ಮ ಕಡೆ ನೆಹರು ಶರ್ಟು ಎನ್ನುವ ಅಂಗಿ ಮೊಣಕಾಲಿನವರೆಗೆ ಇಳಿದು, ತೋಳು ಸಡಿಲವಾಗಿ, ಕೈ ಎತ್ತಿದರೆ ಹಿಡಿಯದಂತೆ ಬಗಲಲ್ಲಿ ಒಂದು ಚೌಕ ತುಂಡು ಕೂಡಿಸಿ ಹೊಲಿದದ್ದಾಗಿರುತ್ತಿತ್ತು. ಬದಿಯ ಕಿಸೆ ಎಲೆಅಡಿಕೆಯ ಚೀಲ, ಚಷ್ಮದ ಡಬ್ಬಿ ಎರಡನ್ನೂ ನುಂಗುವಷ್ಟು ಆಳವಾಗಿರುತ್ತಿತ್ತು. ಈಗಿನ ಸಿದ್ಧ ಕುರ್ತಾಗಳು ಹರೆಯದವರ ಮೈಗೆ ಅಂಟುವಂತೆ ಕತ್ತರಿಸಿದವು. ಭುಜ ಹಿಡಿದುಕೊಂಡ ಮುದುಕರು ಅವನ್ನು ತಲೆಯ ಮೇಲಿಂದ ಹಾಕಿಕೊಳ್ಳಲಾರರು, ಅವರಿಗೆ ಎದೆಯಿಂದ ಕೆಳತನಕ ಗುಂಡಿಯಿರುವ ಅಂಗಿಯೇ ಬೇಕು. ಪಕ್ಕದ ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ದೂರದ ಊರುಗಳಿಗೆ ಹೋಗುತ್ತದೆ, ಇಲ್ಲಿ ಒಂದು ನೆಹರು ಶರ್ಟು ಹೊಲಿಸಲು ಹಳೆಯ ದರ್ಜಿಯವರ ಮನೆ ಹುಡುಕಿಕೊಂಡು ಹೋಗಬೇಕಾಗಿದೆ. ಸರ್ಕಾರದ ಹೊಲಿಗೆ ತರಬೇತಿಗಳಲ್ಲಿ ರವಿಕೆ, ಚೂಡಿದಾರದ ಜೊತೆಗೆ ಈ ಅಂಗಿಯ ಕತ್ತರಿಕೆಯನ್ನೂ ಕಲಿಸಿದರೆ ಹಳ್ಳಿಯ ಹೆಣ್ಣುಮಕ್ಕಳಿಗೂ ನಾಲ್ಕು ಕಾಸು ಸಿಗುತ್ತದೆ.

‘ಪೈಜಾಮ ಹಾಕಿಬಿಡಿ, ನಿಮಗೂ ಸುಲಭ’ ಎಂದು ಸಲಹೆ ಕೊಡುವವರಿದ್ದಾರೆ. ಸುಲಭ ನಮಗೆ, ನಿಜ. ಆದರೆ ಇಡೀ ಆಯುಷ್ಯ ಧೋತರ ಉಟ್ಟವರಿಗೆ ಕೊನೆಗಾಲದಲ್ಲಿ ಇಲಾಸ್ಟಿಕ್ ಪೈಜಾಮ ಏರಿಸಿದರೆ, ಅವರು ಕಟ್ಟೆಗೆ ಬಂದು ಕೂಡುವುದನ್ನೇ ಬಿಟ್ಟುಬಿಡುತ್ತಾರೆ.

1985ರ ಕೈಮಗ್ಗ ಮೀಸಲಾತಿ ಕಾಯ್ದೆಯಡಿ ಕೈಮಗ್ಗಕ್ಕೆಂದೇ ಕಾಯ್ದಿರಿಸಿರುವ 11 ಬಗೆಯ ಬಟ್ಟೆಗಳಲ್ಲಿ ಧೋತರವೂ ಒಂದು. ವಿದ್ಯುತ್ ಮಗ್ಗಕ್ಕೆ ತಡೆ ಹಾಕುವುದಷ್ಟೇ ಆ ಕಾಯ್ದೆಯ ಕೆಲಸ. ಕೈಮಗ್ಗದವರು ಧೋತರ ನೇಯುವಂತೆ ಮಾಡುವುದು ಅದರಿಂದಾಗದು. ಭಾಗ್ಯನಗರದಲ್ಲಿ ನೇಕಾರರಿದ್ದಾರೆ, ಹತ್ತಿರದಲ್ಲೇ ಇಳಕಲ್ಲು, ಬೆಟಗೇರಿಗಳಿವೆ. ಮಜೂರಿ ಗಿಟ್ಟುವ ಸೀರೆ ಬಿಟ್ಟು ಅವರು ಧೋತರ ನೇಯಲಿ ಎಂದು ಬಯಸುವುದು ಬೇಡಿಕೆಯ ಭರವಸೆಯಿಲ್ಲದೆ ಅನ್ಯಾಯವಾದೀತು. ಮಗ್ಗಕ್ಕೆ ಒಮ್ಮೆ ಹಾಸು, ಅಂದರೆ ಉದ್ದದ ಎಳೆಗಳನ್ನು, ಹೂಡಿದರೆ ಹತ್ತಾರು ಧೋತರ ನೇಯಲೇಬೇಕು, ಪನ್ನ ಬದಲಿಸಬೇಕಾದರೆ ಹಾಸಿನ ಎಳೆಗಳ ಲೆಕ್ಕವೇ ಬದಲಾಗುತ್ತದೆ. ಒಂದು ಮನೆಯವರು ಹೋಗಿ ಒಂದು ಜೋಡಿ ಕೇಳಿದರೆ ಆಗುವ ಕೆಲಸ ಅದಲ್ಲ.

ಆದ್ದರಿಂದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮವು ತನ್ನ ಪ್ರಿಯದರ್ಶಿನಿ ಮಳಿಗೆಗಳ ಮೂಲಕ ಎಂಟು ಮತ್ತು ಹತ್ತು ಮೊಳದ, ಎರಡು ಬಗೆಯ ಪನ್ನದ, ಪೂರ್ತಿ ಹತ್ತಿಯ ನಿತ್ಯಬಳಕೆಯ ಧೋತರಕ್ಕೆ ಮುಂಗಡ ಬೇಡಿಕೆ ಪಡೆದು ನೇಯಿಸಿ ಕೊಡಬೇಕೆಂದು ಕೋರುತ್ತೇನೆ. 2006ರಿಂದ ಬಳಕೆಯಲ್ಲಿರುವ ಕೈಮಗ್ಗ ಗುರುತಿನ ಜೊತೆಗೆ ಒಗೆದ ನಂತರದ ಉದ್ದವನ್ನೂ ಧೋತರದ ಮೇಲೆ ಅಚ್ಚು ಹಾಕಿದರೆ ಕೊಳ್ಳುವವರಿಗೆ ಅನುಕೂಲ. ಅಲ್ಲಿಯತನಕ, ಕೊಪ್ಪಳ ಸುತ್ತಮುತ್ತ ಯಾರಾದರೂ ನೇಕಾರರು 45 ಅಂಗುಲ ಪನ್ನದ ಧೋತರ ನೇಯಲು ಒಪ್ಪುವುದಾದರೆ ತಮ್ಮ ಪತ್ರಿಕೆಯ ಈ ಅಂಕಣದಲ್ಲಿಯೇ ತಿಳಿಸಲಿ. ಒಂದು ಹಾಸು ಹೂಡಲು ಸಾಲುವಷ್ಟು ಮನೆಗಳನ್ನು ಕೂಡಿಸಿ, ಮುಂಗಡ ಕೊಡಿಸುವ ಹೊಣೆ ನಾನು ಹೊರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗಳು, ಕೊಪ್ಪಳ