ಇಸಿಜಿಗೆ 8 ನಿಮಿಷ ತಾಳಿ

ಮಾನ್ಯರೇ,
ಹೊಲದಲ್ಲೋ ಮನೆಯಲ್ಲೋ ಹೃದಯ ನಿಂತು, ಎದೆ ಒತ್ತಿದ ಮೇಲೆ ನಾಡಿ ಮರಳಿದವರನ್ನೆಲ್ಲ ಆಂಜಿಯೋಪ್ಲಾಸ್ಟಿಗೆಂದು (ಹೃದಯದ ಕಟ್ಟಿದ ರಕ್ತನಾಳ ತೆರೆಯುವ ಚಿಕಿತ್ಸೆ) ಯಾದಗಿರಿಯಿಂದ ಕಲಬುರಗಿಗೆ ಓಡಿಸುವುದು ಸರಿಯಲ್ಲ. ನಾಡಿ ಬಂದ ಕೂಡಲೇ ತೆಗೆದ ಇಸಿಜಿ (ಹೃದಯದ ವಿದ್ಯುತ್ ಚಟುವಟಿಕೆಯ ದಾಖಲೆ) ದಾರಿ ತಪ್ಪಿಸಬಹುದು. ರಕ್ತವಿಲ್ಲದೆ ಬಳಲಿದ ಹೃದಯದಲ್ಲಿ, ರಕ್ತನಾಳ ಕಟ್ಟಿಕೊಂಡಿರದಿದ್ದರೂ ಎಸ್‌ಟಿ ಗೆರೆ (ಇಸಿಜಿಯಲ್ಲಿ ಏರಿದರೆ ನಾಳ ಕಟ್ಟಿದೆಯೆಂದು ಸೂಚಿಸುವ ಭಾಗ) ಮೇಲೇಳಬಹುದು. ಕನಿಷ್ಠ 8 ನಿಮಿಷ ಬಿಟ್ಟು 12 ಲೀಡ್ (12 ಕೋನಗಳಿಂದ ಹೃದಯ ನೋಡುವ) ಇಸಿಜಿ ತೆಗೆಯಬೇಕು. ಅಷ್ಟರಲ್ಲಿ ಆಮ್ಲಜನಕ ಹಚ್ಚಿ, ಬಿಪಿ ನೋಡಿ, ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾತ್‌ಲ್ಯಾಬ್‌ಗೆ ಫೋನ್ ಮಾಡಬಹುದು. ಆಗಲೂ ಎಸ್‌ಟಿ ಏರಿದ್ದರೆ ತಡ ಬೇಡವೇ ಬೇಡ. ಏರಿರದೆ, ಬಿಪಿಯೂ ನಾಡಿಯೂ ಸ್ಥಿರವಾಗಿದ್ದರೆ ತಕ್ಷಣದ ಆಂಜಿಯೋಗ್ರಾಂನಿಂದ (ಹೃದಯದ ರಕ್ತನಾಳಗಳ ಎಕ್ಸ್-ರೇ ಪರೀಕ್ಷೆ) ಹೆಚ್ಚು ಜೀವ ಉಳಿಯುವುದಿಲ್ಲವೆಂದು 2019 ಮತ್ತು 2021ರ ಅಧ್ಯಯನಗಳು ತೋರಿಸಿವೆ. ಆದರೆ ಆಂಬುಲೆನ್ಸ್ ಬರುವವರೆಗೆ ಪಕ್ಕದಲ್ಲಿದ್ದವರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂ.ಮೀ. ಆಳಕ್ಕೆ ಒತ್ತದಿದ್ದರೆ ರಕ್ತನಾಳ ತೆರೆದಿಡುವ ಯಾವ ಸ್ಟೆಂಟೂ ಮಿದುಳನ್ನು ಉಳಿಸದು.

– ತುರ್ತು ಚಿಕಿತ್ಸಾ ವೈದ್ಯರು, ಯಾದಗಿರಿ